ಒರಿಜಿನಲ್ ಸ್ಥಿತಿ

ನೆಲಮಾಳಿಗೆಯ ದಾಖಲೆ ಕೋಣೆಯ ಗೋಡೆಗೆ ಅಂಟಿಸಿದ್ದ ಎರಡು ಕಾರುಗಳ ಚಿತ್ರವೇ ಆ ದಿನದ ರಗಳೆಗೆಲ್ಲ ಕಾರಣ. ಒಂದು ಫೆರಾರಿ ಡೇಟೋನಾ, ಇನ್ನೊಂದು ಲಂಬೋರ್ಗಿನಿ ಮಿಯೂರಾ. ಎರಡೂ ಐವತ್ತು ದಾಟಿದ ಇಟಲಿಯ ಚೆಲುವೆಯರು. ಇವುಗಳ ಬಗ್ಗೆ ಅಲ್ಲಿನ ಗುಮಾಸ್ತರಿಗೆ ಗೊತ್ತಿಲ್ಲದ ಸಂಗತಿಯೇ ಇರಲಿಲ್ಲ, ಕಾರು ಓಡಿಸುವುದೊಂದನ್ನು ಬಿಟ್ಟು. ಆಫೀಸಿನವರು ಅವರನ್ನು 'ಇಟಲಿ' ಎಂದೇ ಕರೆಯುತ್ತಿದ್ದರು. ಇಟಲಿ ದಿನಾ ಬರುತ್ತಿದ್ದುದು ಸೈಕಲ್ಲಿನಲ್ಲಿ.

ಬೆಳಿಗ್ಗೆ ಯಾವುದೋ ಹಳೆಯ ಕರಾರುಪತ್ರ ಹುಡುಕಿಕೊಂಡು ಖುದ್ದು ಯಜಮಾನರೇ ಕೆಳಗಿಳಿದು ಬಂದರು. ಚಿತ್ರ ಕಂಡದ್ದೇ ತಡ, ಕರಾರುಪತ್ರ ಮರೆತರು.

"ಇವೆರಡರಲ್ಲಿ ಒಂದನ್ನ ಕೊಳ್ಳೋಣ ಅಂತಿದೀನಿ ಕಣ್ರೀ. ಯಾವುದು ಅಂತ ನಾಲ್ಕು ಗಂಟೆಗೆ ಬಂದು ಹೇಳಿ. ಮೇಲೆ ಮುಖ್ಯ ಗುಮಾಸ್ತರ ಕುರ್ಚಿ ಖಾಲಿ ಇದೆ, ಗೊತ್ತಲ್ಲ?"

ಗೊತ್ತಿಲ್ಲದೆ ಏನು! ಆ ಕುರ್ಚಿಯ ಪಕ್ಕ ಕಿಟಕಿಯಿತ್ತು. ಹದಿನಾರು ವರ್ಷಗಳಿಂದ ಇಟಲಿ ಹಗಲು ಬೆಳಕು ಕಂಡದ್ದು ಊಟದ ಬಿಡುವಿನಲ್ಲಿ ಮಾತ್ರ.

ಹತ್ತೇ ನಿಮಿಷದಲ್ಲಿ ಸುದ್ದಿ ಹಬ್ಬಿತು. ಬುದ್ಧಿ ಹೇಳುವವರಿಗೆ ನಮ್ಮಲ್ಲಿ ಬರವೇ? ಮೊದಲು ಬಂದವರು ಟೈಪಿಸ್ಟ್ ಅಕ್ಕ.

"ಡಿಕ್ಕಿಯಲ್ಲಿ ಸಿಲಿಂಡರ್ ಹಿಡಿಸತ್ತೇನಪ್ಪಾ?"

"ಎರಡರಲ್ಲೂ ಹನ್ನೆರಡು ಸಿಲಿಂಡರ್ ಅಕ್ಕಾ."

"ಅಯ್ಯೋ, ಅಷ್ಟು ಯಾಕೆ? ನಮ್ಮನೇಲಿ ಎರಡರಲ್ಲೇ ಅಡುಗೆ ನಡೆಯತ್ತೆ!"

ಬಳಿಕ ಕ್ಯಾಷಿಯರ್ ಬಂದ. ಅವನ ಕಣ್ಣೂ ಅದೇ ಕುರ್ಚಿಯ ಮೇಲಿತ್ತು. ಏನೂ ತಿಳಿಯದವನಂತೆ ಒಂದೊಂದೇ ಕೇಳಿದ. ಇಟಲಿ ಖುಷಿಯಿಂದ ಬಾಯಿ ಬಿಟ್ಟರು. ನಾಲ್ಕಕ್ಕೆ ಯಜಮಾನರ ಕೋಣೆ ಹೊಕ್ಕರೆ, ಕ್ಯಾಷಿಯರ್ ಅಲ್ಲಾಗಲೇ ನಿಂತು ಅದನ್ನೇ ಒಪ್ಪಿಸುತ್ತಿದ್ದ.

"ಡೇಟೋನಾನೇ ತಗೊಳ್ಳಿ ಸಾರ್. ಗಂಟೆಗೆ ಇನ್ನೂರೆಂಬತ್ತು ಕಿಲೋಮೀಟರ್! ಕಾರು ಅಂದ್ಮೇಲೆ ಓಡ್ಬೇಕು."

ಇಟಲಿಗೆ ಮೈಯೆಲ್ಲ ಉರಿದುಹೋಯಿತು. "ಓಡೋಕೆ ಬಸ್ ಇಲ್ವಾ? ಸಾರ್, ಮಿಯೂರಾ ಮಾಡಿದ್ದೇ ಎಂಟುನೂರಕ್ಕೂ ಕಮ್ಮಿ. ಬೆಲೆ ಇರೋದು ಓಟಕ್ಕಲ್ಲ, ಒರಿಜಿನಲ್ ಸ್ಥಿತಿಗೆ. ಬಣ್ಣ ಮಾಸಿದ್ರೂ ಬಳೀಬಾರದು, ಸೀಟು ಹರಿದ್ರೂ ಬದಲಾಯಿಸಬಾರದು. ನೆಲಮಾಳಿಗೇಲಿ ಸುಮ್ನೆ ಇಟ್ಟುಬಿಡ್ಬೇಕು. ಬಿಸಿಲಿಗೆ ತಂದ್ರೋ, ಕೆಟ್ಟಿತು!"

ಯಜಮಾನರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಮಿಯೂರಾನೇ ಆಯ್ತು. ನನ್ನ ಕಣ್ಣು ತೆರೆಸಿದ್ರಿ! ಇವತ್ತು ಎಂಥ ತಪ್ಪು ಮಾಡ್ತಿದ್ದೆ ನೋಡಿ."

"ಡೇಟೋನಾ ತಗೋತಿದ್ರಾ ಸಾರ್?"

"ಅಲ್ರೀ, ನಿಮ್ಮನ್ನ ಮೇಲಕ್ಕೆ ತರ್ತಿದ್ದೆ! ಹದಿನಾರು ವರ್ಷ, ಅದೇ ಕೋಣೆ, ಅದೇ ಕುರ್ಚಿ, ಅದೇ ಅಂಗಿ. ನಿಮ್ಮಂಥ ಪೀಸು ಇನ್ನೆಲ್ಲಿ ಸಿಗತ್ತೆ? ಮುಟ್ಟಿದ್ರೆ ಹಾಳಾಗ್ತಿತ್ತು. ಈ ಕ್ಯಾಷಿಯರ್ ಓಡಾಡೋ ಗಿರಾಕಿ, ಅವನೇ ಮೇಲೆ ಕೂತ್ಕೊಳ್ಳಲಿ."

ಇಟಲಿ ಮೆಟ್ಟಿಲಿಳಿದು ತಮ್ಮ ಕುರ್ಚಿಯಲ್ಲಿ ಕುಸಿದರು. ಸಂಜೆ ಐದಕ್ಕೆ ಮುದುಕ ಜವಾನ ಒಂದು ಮೆತ್ತನೆಯ ಬಟ್ಟೆ ಹಿಡಿದು ಬಂದು, ಹೇಳದೆ ಕೇಳದೆ ಅವರ ಬೋಳುತಲೆ ಒರೆಸತೊಡಗಿದ.

"ಏನಯ್ಯಾ ಇದು?"

"ಯಜಮಾನರ ಆರ್ಡರು ಸ್ವಾಮಿ. ದಿನಾ ಒಂದ್ಸಲ ಧೂಳು ಹೊಡಿ, ನೀರು ಮಾತ್ರ ತಾಗಿಸ್ಬೇಡ ಅಂದಿದಾರೆ."