ಸಿಪ್ಪೆ ಬೂದಿಯ ಪಿಎಚ್‌ಡಿ

ರಸಾಯನಶಾಸ್ತ್ರದ ಸಂಶೋಧನೆಗೆ ಸೇರಿದಾಗಿನಿಂದ ನನಗೆ ಯಾವುದಕ್ಕೆ ಬರ ಬಂದರೂ ತಲೆ ತಗ್ಗಿಸುವ ಪ್ರಸಂಗಗಳಿಗೆ ಮಾತ್ರ ಬರ ಬಂದಿಲ್ಲ. ಬಾಳೆಸಿಪ್ಪೆ ಸುಟ್ಟ ಬೂದಿ ನನ್ನ ವೇಗವರ್ಧಕ. ಅದನ್ನು ಚಿಟಿಕೆ ಹಾಕಿ ಕುದಿಸಿದರೆ ಎರಡು ರಾಸಾಯನಿಕಗಳು ಬೇಗ ಕೂಡಿ ಹೊಸ ವಸ್ತುವಾಗುತ್ತವೆ. ಮೂರು ವರ್ಷದ ನನ್ನ ಪಿಎಚ್‌ಡಿ ನಿಂತದ್ದು ಇಷ್ಟರ ಮೇಲೆ.

ಎಮ್ಮೆ

ಇಳಕಲ್ಲಿನ ಮದುವೆಯೊಂದರಲ್ಲಿ ಊಟದೆಲೆ ಎತ್ತುವ ಮೊದಲೇ ಸಿಪ್ಪೆ ಆರಿಸಿ ಚೀಲಕ್ಕೆ ತುಂಬುತ್ತಿದ್ದೆ. ಹಿರಿಯರೊಬ್ಬರು ನೋಡಿ, "ಎಮ್ಮಿಗೇನವಾ? ಎಷ್ಟ ಅದಾವು?" ಎಂದರು. ಸಂಶೋಧನೆಗೆ ಎನ್ನಲು ನಾಚಿಕೆಯಾಗಿ "ಎರಡು" ಅಂದುಬಿಟ್ಟೆ. ಪಾಪ, ಅಡುಗೆಯವರಿಂದ ಇನ್ನೊಂದು ಬುಟ್ಟಿ ಸಿಪ್ಪೆ ತರಿಸಿಕೊಟ್ಟರು. ಅಲ್ಲೇ ನನ್ನನ್ನು ನೋಡಲು ಬಂದಿದ್ದ ಗಂಡಿನ ತಾಯಿ ನಮ್ಮವ್ವನನ್ನು ಮೂಲೆಗೆ ಕರೆದು ಕೇಳಿದ್ದು: "ಮಗಳು ಕಾಲೇಜಿಗೆ ಹೊಕ್ಕಾಳಂದ್ರಿ, ಮತ್ತ ಹಾಲು ಯಾವಾಗ ಹಿಂಡ್ತಾಳ್ರಿ?"

ಇಭೂತಿ

ಕಮತಗಿಯ ನಮ್ಮ ಮನೆಗೆ ಬೂದಿಯ ಡಬ್ಬಿ ತಂದವಳು, ಯಾರೂ ಮುಟ್ಟದ ಜಾಗವೆಂದು ದೇವರ ಜಗಲಿಯ ಮೇಲಿಟ್ಟೆ. ಬೆಳಿಗ್ಗೆ ಲಿಂಗಪೂಜೆಗೆ ಕುಳಿತ ಅಜ್ಜಿ ಅದನ್ನೇ ವಿಭೂತಿ ಎಂದುಕೊಂಡು ನೀರಲ್ಲಿ ಕಲಸಿ ಹಚ್ಚಿಕೊಂಡು, ಅಪ್ಪನಿಗೂ ಹಚ್ಚಿ, ಉಳಿದದ್ದನ್ನು ಓಣಿಗೆ ಹಂಚಿದ್ದಳು. ಆ ಬೂದಿ ಸುಣ್ಣದ ಹಾಗೆ ಸುಡುತ್ತದೆ. ಮಧ್ಯಾಹ್ನದೊಳಗೆ ಎಲ್ಲರ ಹಣೆಯ ಮೇಲೂ ಮೂರು ಕೆಂಪು ಗೆರೆ! ನಾನು ಕೊಬ್ಬರಿ ಎಣ್ಣೆ ಸವರುತ್ತಿದ್ದರೆ ಅಜ್ಜಿ ಕೈ ಮುಗಿದು ಕೇಳಿದಳು: "ಯಾವ ಮಠದ್ದವಾ ಇದು? ಭಾಳ ಖಡಕ್ ಐತಿ!"

ಏನೂ ಹಾಕದೆ

ಮರುದಿನವೇ ನವನಗರದ ಲ್ಯಾಬಿನಲ್ಲಿ ಗೈಡ್ ಸರ್ ಎದುರು ಪ್ರಯೋಗ ಮಾಡಿ ತೋರಿಸಬೇಕಿತ್ತು. ಅವರು ಒಪ್ಪಿದರೆ ಮಾತ್ರ ಥೀಸಿಸ್. ಹೊಸ ಬೂದಿ ಮಾಡಲು ಸಿಪ್ಪೆ ಒಣಗುವುದಕ್ಕೇ ವಾರ ಬೇಕು. ಹೆದರಿ, ಅಜ್ಜಿಯ ಅಸಲಿ ಇಭೂತಿ ಉಂಡೆಯನ್ನೇ ಪುಡಿ ಮಾಡಿ ಡಬ್ಬಿಗೆ ತುಂಬಿಕೊಂಡು ಹೋದೆ. ಪ್ರಯೋಗ ಎಂದಿನಷ್ಟೇ ಚೆನ್ನಾಗಿ ಬಂತು. ಸರ್ "ಶಾಬಾಶ್!" ಎಂದರು. ಅವರ ಸಂತೋಷ ನೋಡಿ ನನ್ನ ಮೇಲೆ ನನಗೇ ಹೇಸಿಗೆಯಾಗಿ ಎಲ್ಲ ಒಪ್ಪಿಕೊಂಡುಬಿಟ್ಟೆ.

ಸರ್ ಡಬ್ಬಿ ಬದಿಗಿಟ್ಟು, "ಏನೂ ಹಾಕಲಾರದ ಒಮ್ಮೆರೆ ಕುದಿಸಿ ನೋಡಿಯೇನು?" ಎಂದರು.

ಮೊದಲ ದಿನವೇ ಮಾಡಬೇಕಾದ ಕೆಲಸ ಅದು. ಮೂರು ವರ್ಷದಲ್ಲಿ ನಾನು ಮಾಡಿರಲಿಲ್ಲ. ಈಗ ಮಾಡಿದೆ. ಅಷ್ಟೇ ಹೊತ್ತಿನಲ್ಲಿ ಅಷ್ಟೇ ವಸ್ತು ತಯಾರಾಯಿತು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

"ಅಳಬ್ಯಾಡ. ಬೂದಿ ಬ್ಯಾಡಂತ ತೋರಿಸೂದೂ ಸಂಶೋಧನೆನ. ಹಂಗ ಬರಿ," ಎಂದರು ಸರ್. ಆಮೇಲೆ ಎದ್ದು ಹೋಗಿ ಬಾಗಿಲು ಹಾಕಿ, ಕಪಾಟಿನಿಂದ ತಮ್ಮದೇ ಹಳೆಯ ಥೀಸಿಸ್ ತೆಗೆದು ನನ್ನ ಕೈಗಿಟ್ಟರು. ಅವರದು ಜೋಳದ ದಂಟಿನ ಬೂದಿ.

"ಇದನ್ನೂ ಒಮ್ಮೆ ಏನೂ ಹಾಕಲಾರದ ಕುದಿಸಿ ನೋಡವಾ," ಎಂದರು ಮೆಲ್ಲಗೆ. "ಆದ್ರ ಏನ್ ಬಂತಂತ ನನಗ ಹೇಳಬ್ಯಾಡ."