ಬೋರ್ಡಿನ ಕೊನೇ ಸಾಲು

ಕಣ್ಣು ಟೆಸ್ಟ್ ಮಾಡೋ ಕುರ್ಚಿಗೆ ಏನು ಶಾಪವೋ ಗೊತ್ತಿಲ್ಲ, ಅದರ ಮೇಲೆ ಕೂತವರೆಲ್ಲ ಒಂದಲ್ಲ ಒಂದು ತಮಾಷೆ ಮಾಡಿಯೇ ಏಳ್ತಾರೆ. ಇಪ್ಪತ್ತಾರು ವರ್ಷದಿಂದ ಚಿಕ್ಕಬಳ್ಳಾಪುರದ ಒಂದು ಪುಟ್ಟ ಕಣ್ಣಾಸ್ಪತ್ರೇಲಿ ನನಗೆ ಇದೇ ಕೆಲಸ. ಆ ಗೋಡೆ ಮೇಲೆ ಅಕ್ಷರದ ಬೋರ್ಡು, ಈ ಗೋಡೆ ಹತ್ರ ಪೇಷಂಟು, ಪಕ್ಕದಲ್ಲಿ ನಾನು. 'ಒಂದು ಕಣ್ಣು ಮುಚ್ಚಿ, ಮೇಲಿಂದ ಓದಿ' ಅಂತೀನಿ. ಬೋರ್ಡಿನ ಕಡೆ ತಿರುಗಿಯೂ ನೋಡಲ್ಲ. ಏಳು ಸಾಲೂ ಬಾಯಿಪಾಠ.

ನೋಡದೆ ಇರೋಕೆ ಇನ್ನೊಂದು ಕಾರಣವೂ ಇತ್ತು, ಯಾರಿಗೂ ಹೇಳಿರಲಿಲ್ಲ. ಒಂದು ವರ್ಷದಿಂದ ಆ ಬೋರ್ಡು ನನಗೇ ಸರಿಯಾಗಿ ಕಾಣ್ತಿರಲಿಲ್ಲ. ಕಣ್ಣಿಗೆ ಪೊರೆ ಬಂದಿದೆ ಅಂತ ಗೊತ್ತಿತ್ತು. ಆದರೆ ಆಪರೇಷನ್ ಅಂದ್ರೆ ನನಗೆ ಪ್ರಾಣಭಯ. 'ಏನೂ ನೋವಿಲ್ಲ, ಹತ್ತು ನಿಮಿಷದ ಕೆಲಸ' ಅಂತ ಊರಿಗೆಲ್ಲ ಧೈರ್ಯ ಹೇಳೋ ಬಾಯಿ ನಂದೇ, ನಾಚಿಕೆಗೇಡು.

ಒಂದೇ ಊರಿನವರು

ಮಂಚೇನಹಳ್ಳಿ ಹತ್ರ ಒಂದು ಊರಲ್ಲಿ ಕ್ಯಾಂಪು. ಓದು ಬರದವರಿಗೆ ನಮ್ಮ ಹತ್ರ ಬೇರೆ ಬೋರ್ಡಿದೆ. ಅದರಲ್ಲಿ ಮೂರು ಹಲ್ಲಿನ ಬಾಚಣಿಗೆ ಥರ ಗುರುತು ಇರುತ್ತೆ, ಹಲ್ಲು ಯಾವ ಕಡೆಗಿದೆಯೋ ಆ ಕಡೆ ಕೈ ತೋರಿಸಬೇಕು. ಒಬ್ಬ ಅಜ್ಜಿ ಬಂದು ಕೂತ್ಲು. ಹಿಂದೆ ಸಾಲಲ್ಲಿ ನಿಂತಿದ್ದ ಜನಕ್ಕೆ ತಡೀಲಿಲ್ಲ.

"ಕೆಳಗೆ ಕಣಜ್ಜಿ, ಕೆಳಗೆ!"

"ಏಯ್, ಎಡಕ್ಕೆ ಕಣೋ, ನಿಂಗೇ ಕಣ್ಣಿಲ್ಲ."

"ಪೈಕಿ, ಪೈಕಿ!" ಅಂತ ಹಿಂದಿನಿಂದ ಇನ್ನೊಬ್ಬ ತೆಲುಗಿನಲ್ಲಿ ಮೇಲೆ ತೋರಿಸಿದ.

ಅಜ್ಜಿ ಯಾರಿಗೂ ಬೇಜಾರು ಮಾಡಲಿಲ್ಲ. ಟ್ರಾಫಿಕ್ ಪೊಲೀಸಿನವರ ಹಂಗೆ ನಾಲ್ಕೂ ಕಡೆ ಕೈ ತೋರಿಸಿದಳು. ನನಗೆ ರೇಗಿಹೋಯ್ತು. "ಯಾರೂ ಹೇಳಿಕೊಡಬಾರದು!" ಅಂತ ಕೂಗಿದೆ.

ಅಜ್ಜಿ ನನ್ನನ್ನೇ ಸಮಾಧಾನ ಮಾಡಿದಳು. "ಹೇಳ್ಕೊಡ್ಲಿ ಬಿಡಪ್ಪ. ಅವ್ರಿಗೆ ಕಂಡ್ರೆ ನಂಗೆ ಕಂಡಂಗೇ. ಒಂದೇ ಊರಿನವರಲ್ವಾ?"

ಪೊರೆ ವಾಪಸ್ ಹಾಕಿ

ಶಿಡ್ಲಘಟ್ಟದಿಂದ ಒಬ್ಬರು ವಯಸ್ಸಾದ ಸಾಹೇಬ್ರು ಬಂದರು. ಮನೇಲೇ ರೇಷ್ಮೆ ನೂಲು ತೆಗೆಯೋ ಕಸುಬು. ಮೊದಲನೇ ಸಾಲಿನ ದೊಡ್ಡ ಅಕ್ಷರವೇ ಕಾಣಲಿಲ್ಲ. ಟಾರ್ಚ್ ಬಿಟ್ಟು ನೋಡಿದ್ರೆ ಎರಡೂ ಕಣ್ಣಲ್ಲಿ ಹಾಲಿನಂಥ ಪೊರೆ.

"ಇಷ್ಟು ದಿನ ನೂಲು ಹೆಂಗೆ ತೆಗೆದ್ರಿ ಸಾಹೇಬ್ರೆ?"

"ಬೆರಳು ತೆಗೀತಿತ್ತು ಸಾರ್. ಅದಕ್ಕೆ ಕಣ್ಣು ಯಾಕೆ?"

ಆಪರೇಷನ್ ಆಗಲೇಬೇಕು ಅಂದೆ. ಹೆದರಿಕೊಂಡರು. ನಾನು ಮಾಮೂಲಿ ಪಾಠ ಒಪ್ಪಿಸಿದೆ: "ಏನೂ ನೋವಿಲ್ಲ, ಹತ್ತು ನಿಮಿಷದ ಕೆಲಸ. ಎದ್ದು ಹೋಗಿ ಚಹಾ ಕುಡೀಬಹುದು."

"ನೀವು ಮಾಡಿಸ್ಕೊಂಡಿದ್ದೀರಾ ಸಾರ್?"

ನಾನು ಫೈಲ್ ಹುಡುಕೋ ನೆಪದಲ್ಲಿ ಒಳಗೆ ಹೋಗಿಬಿಟ್ಟೆ.

ಪಾಪ, ಹೆಂಗೋ ಒಂದು ಕಣ್ಣಿಗೆ ಮಾಡಿಸಿಕೊಂಡರು. ತಿಂಗಳಾದ ಮೇಲೆ ಕೈಯಲ್ಲಿ ಒಂದು ಲಡಿ ರೇಷ್ಮೆ ಹಿಡಿದು ಸೀದಾ ನನ್ನ ಕುರ್ಚಿ ಹತ್ರ ಬಂದರು. ಹೂವಿನ ಹಾರ ತರ್ತಾರೆ ಅಂದುಕೊಂಡಿದ್ದೆ, ಜಗಳ ತಂದಿದ್ದರು. "ಏನ್ ಮಾಡಿದ್ರಿ ಸಾರ್ ನೀವು? ಮೊದಲು ನನ್ನ ನೂಲು ಫಸ್ಟ್ ಕ್ಲಾಸ್ ಇತ್ತು. ಈಗ ನೋಡಿ, ಬರೀ ಗಂಟು, ಬರೀ ಗಂಟು! ಆ ಪೊರೆ ಇಟ್ಟಿದ್ರೆ ವಾಪಸ್ ಹಾಕಿಬಿಡಿ."

ಸ್ಟೇರಿಂಗ್ ಮುಟ್ಟಬೇಡ

ದಸರಾಗೆ ಇನ್ನೂ ಒಂದು ವಾರ ಇತ್ತು. ಗೌರಿಬಿದನೂರು ಕಡೆ ಓಡೋ ಪ್ರೈವೇಟ್ ಬಸ್ಸಿನ ಡ್ರೈವರ್ ಒಬ್ಬ ಬಂದ. ಕಣ್ಣು ಸರಿ ಇದೆ ಅಂತ ಚೀಟಿ ತಂದ್ರೇನೇ ಡ್ಯೂಟಿ ಅಂತ ಅವರ ಓನರ್ ಹೇಳಿದ್ದರಂತೆ. ಕೊನೇ ಸಾಲು ಓದಯ್ಯ ಅಂದೆ.

"ರ, ಮ, ದ, ಯ."

ನಾಲ್ಕಕ್ಕೆ ನಾಲ್ಕೂ ತಪ್ಪು! ಅದು 'ಗ, ಟ, ಪ, ನ' ಅಂತ ನನಗೆ ನಿದ್ದೇಲೂ ಗೊತ್ತು.

"ಸಾರ್, ಸರಿಯಾಗಿ ಕಾಣ್ತಿದೆ ಸಾರ್. ನೀವೇ ಒಂದ್ಸಲ ನೋಡಿ."

"ಇಪ್ಪತ್ತಾರು ವರ್ಷದಿಂದ ನೋಡಿದ್ದೀನಿ ಕಣಯ್ಯ. ಬಸ್ ತುಂಬ ಜನ ಇಟ್ಕೊಂಡು ಗುಂಡಿಗೆ ಇಳಿಸ್ತೀಯ ನೀನು. ಎಲ್ಲಾ ಈ ಮೊಬೈಲಿಂದ!"

ಮರುಪರೀಕ್ಷೆ ಆಗೋವರೆಗೂ ಸ್ಟೇರಿಂಗ್ ಮುಟ್ಟಬಾರದು ಅಂತ ಚೀಟಿ ಬರೆದು ಕಳಿಸಿದೆ. ಅವನು ಅಳುಮೋರೆ ಹಾಕಿಕೊಂಡು ಹೋದ. ಆ ವಾರ ಯಾಕೋ ಯಾರನ್ನ ಕೂರಿಸಿದರೂ ಇದೇ ಕಥೆ, ಹೈಸ್ಕೂಲ್ ಹುಡುಗೀರೂ ತಪ್ಪು ಓದೋರು. ಊರಿನ ಕಣ್ಣೆಲ್ಲ ಒಟ್ಟಿಗೆ ಕೆಟ್ಟುಹೋಯ್ತಲ್ಲಪ್ಪ ಅಂತ ನಾನು ಮೊಬೈಲ್ ಕಂಡುಹಿಡಿದವನಿಗೆ ಹಿಡಿಶಾಪ ಹಾಕ್ತಾ ಕೂತಿದ್ದೆ.

ರಸ್ತೆ ಪಕ್ಕದ ಹೆಂಗಸರು

ಹಬ್ಬಕ್ಕೆ ಸ್ಕೂಟರಲ್ಲಿ ಹೆಂಡತೀನ ಕೂರಿಸಿಕೊಂಡು ಚಿಂತಾಮಣಿಗೆ, ಅವಳ ತವರಿಗೆ ಹೊರಟೆ. ದಾರೀಲಿ ಒಂದಷ್ಟು ಹೆಂಗಸರು ಅಡ್ಡ ನಿಂತಿದ್ದರು. ಹಾರ್ನ್ ಹೊಡೆದೆ, ಜರುಗಲಿಲ್ಲ. ಗಾಡಿ ನಿಲ್ಲಿಸಿ ಮರ್ಯಾದೆಯಿಂದಲೇ ಕೇಳಿದೆ: "ಅಮ್ಮಾ, ಸ್ವಲ್ಪ ದಾರಿ ಬಿಡ್ತೀರಾ?"

ಹಿಂದಿನಿಂದ ಹೆಂಡತಿ ಇಳಿದಳು. "ಅದು ಟೊಮೊಟೊ ತೋಟದ ಬೇಲಿ ಕಣ್ರೀ. ಹಂದಿ ಬರದಂಗೆ ಹಳೇ ಸೀರೆ ಕಟ್ಟಿದ್ದಾರೆ."

ನಾನು ರಸ್ತೆ ಬಿಟ್ಟು ಹೊಲಕ್ಕೆ ಇಳಿದು ಆಗಿತ್ತು.

"ಡಾಕ್ಟರ ಹತ್ರ ಕಣ್ಣು ತೋರಿಸಿ ಚೀಟಿ ತನ್ನಿ. ಅಲ್ಲೀವರೆಗೂ ನಾನು ಈ ಗಾಡಿ ಹತ್ತಲ್ಲ" ಅಂದವಳೇ ಹಿಂದೆ ಬಂದ ಬಸ್ಸಿಗೆ ಕೈ ಅಡ್ಡ ಹಾಕಿ ಹೊರಟೇ ಹೋದಳು. ನಾನೊಬ್ಬ, ಆ ಸೀರೆಗಳು.

ನನ್ನ ಸರದಿ

ಹಬ್ಬ ಮುಗಿಸಿ ಬಂದ ಬೆಳಿಗ್ಗೆಯೇ ನಮ್ಮ ಡಾಕ್ಟರಮ್ಮನ ಮುಂದೆ ನಿಂತೆ. ಹೆದರಿಕೆ ಏನೂ ಇರಲಿಲ್ಲ, ಏಳು ಸಾಲೂ ನಾಲಿಗೆ ತುದೀಲಿತ್ತಲ್ಲ. ಚೀಟಿ ತಗೊಂಡು ಹೆಂಡತಿ ಮುಖಕ್ಕೆ ಹಿಡಿಯೋದು, ಆಪರೇಷನ್ ಮಾತು ಇನ್ನೊಂದು ವರ್ಷ ಮುಂದಕ್ಕೆ ಹಾಕೋದು, ಇಷ್ಟೇ ನನ್ನ ಪ್ಲಾನು. ಪೇಷಂಟಿನ ಕುರ್ಚೀಲಿ ಕೂತೆ. ಬೆಂಚಿನ ಮೇಲೆ ನಮ್ಮ ಶಿಡ್ಲಘಟ್ಟದ ಸಾಹೇಬ್ರು. ಗಂಟು ಕಾಣೋದಾದ್ರೆ ಎರಡು ಕಣ್ಣಿಗೂ ಕಾಣ್ಲಿ ಅಂತ ಎರಡನೇ ಆಪರೇಷನ್‌ಗೆ ಬಂದಿದ್ದರು.

"ಓದಿ" ಅಂದರು ಡಾಕ್ಟರಮ್ಮ.

ರೈಲು ಬಿಟ್ಟಂಗೆ ಓದಿದೆ. ಕೊನೇ ಸಾಲಿಗೆ ಬಂದು "ಗ, ಟ, ಪ, ನ" ಅಂತ ಸ್ವಲ್ಪ ಗತ್ತಿನಲ್ಲೇ ಮುಗಿಸಿದೆ.

ಸಾಹೇಬ್ರು ಮೆಲ್ಲಗೆ ಕೇಳಿದರು: "ಸಾರ್, ಹೂವಿನ ಒಳಗಿರೋದು ನಿಮಗೆ ಹೆಂಗೆ ಕಾಣ್ತು?"

ನಾನು ಊರಲ್ಲಿ ಇಲ್ಲದಾಗ ಆಯುಧಪೂಜೆ ಮಾಡಿದ್ದಾರೆ. ಆಸ್ಪತ್ರೇಲಿ ಆಯುಧ ಅಂದ್ರೆ ಇನ್ನೇನು, ನರ್ಸಮ್ಮ ಕತ್ತರಿಗೆ ಒಂದು, ಟಾರ್ಚಿಗೆ ಒಂದು ಕುಂಕುಮ ಇಟ್ಟು, ಬೋರ್ಡಿಗೆ ದಪ್ಪನೆ ಸೇವಂತಿಗೆ ಹಾರ ಹಾಕಿದ್ದಾಳೆ. ಬಿಳೀ ಬೋರ್ಡಿಗೆ ಬಿಳೀ ಸೇವಂತಿಗೆ. ಕೆಳಗಿನ ಮೂರು ಸಾಲು ಪೂರ್ತಿ ಹೂವಿನ ಒಳಗೆ!

ಡಾಕ್ಟರಮ್ಮ ಎದ್ದು ಹೋಗಿ ಹಾರ ಎತ್ತಿದರು. "ಸಾಹೇಬ್ರೆ, ಕೆಳಗಿಂದು ಓದಿ ನೋಡಣ."

"ರ, ಮ, ದ, ಯ" ಅಂದರು ಸಾಹೇಬ್ರು, ಒಂದೇ ಕಣ್ಣಲ್ಲಿ.

"ಹಳೇ ಬೋರ್ಡು ಹರಿದಿತ್ತು. ಹಬ್ಬಕ್ಕೆ ಹತ್ತು ದಿನ ಮುಂಚೆಯೇ ಹೊಸಾದು ಹಾಕಿಸಿದ್ದೆ, ಮೇಲಿನ ನಾಲ್ಕು ಸಾಲು ಅವೇ, ಕೆಳಗಿನ ಮೂರು ಬೇರೆ. ನಿಮಗೆ ಗೊತ್ತೇ ಆಗಲಿಲ್ವಾ?"

ಆ ಡ್ರೈವರು! ಆ ಹೈಸ್ಕೂಲ್ ಹುಡುಗೀರು! ಕಣ್ಣು ನೆಟ್ಟಗಿದ್ದವರಿಗೆಲ್ಲ ಬೈದು ಕಳಿಸಿದ್ದೀನಿ ಪಾಪಿ ನಾನು. ಆಗಲೇ ನರ್ಸಮ್ಮನ ಕೈಲಿ ಎಲ್ಲರಿಗೂ ಫೋನ್ ಮಾಡಿಸಿದೆ. ಡಾಕ್ಟರಮ್ಮ ನನ್ನ ಚೀಟಿ ಬರೆದರು. ಅದರಲ್ಲಿದ್ದದ್ದು ಆಪರೇಷನ್ ದಿನ. ನಾನು ಮತ್ತೆ ಫೈಲ್ ಹುಡುಕೋಕೆ ಎದ್ದಿದ್ದು ನೋಡಿ ಸಾಹೇಬ್ರು ಹೆಗಲ ಮೇಲೆ ಕೈ ಇಟ್ಟರು. "ಏನೂ ನೋವಿಲ್ಲ ಸಾರ್, ಹತ್ತು ನಿಮಿಷದ ಕೆಲಸ. ಎದ್ದು ಹೋಗಿ ಚಹಾ ಕುಡೀಬಹುದು."

ನಿಜವಾಗಿಯೂ ನೋವಿರಲಿಲ್ಲ. ಮೂರನೇ ದಿನ ಪಟ್ಟಿ ಬಿಚ್ಚಿ ನನ್ನನ್ನ ಅದೇ ಕುರ್ಚೀಲಿ ಕೂರಿಸಿದರು. ಪಕ್ಕದಲ್ಲಿ, ನಾನು ದಿನಾ ಕೂರೋ ಸ್ಟೂಲಿನ ಮೇಲೆ, ಕಾಲ ಮೇಲೆ ಕಾಲು ಹಾಕಿಕೊಂಡು ಆ ಡ್ರೈವರ್ ಕೂತಿದ್ದ. ನನ್ನಿಂದಾಗಿ ತನ್ನ ಬಸ್ಸಲ್ಲಿ ತಾನೇ ಕಂಡಕ್ಟರ್ ಆಗಿ ಟಿಕೆಟ್ ಹರೀತಿದ್ದನಂತೆ. ಚೀಟಿ ಸರಿಮಾಡಿಸಿಕೊಳ್ಳೋಕೆ ಬಂದಿದ್ದ.

ಹಾರ ತೆಗೆದಿದ್ದರು. ಅಬ್ಬಾ, ಏನು ಬೆಳಕು! ಒಂದೊಂದು ಅಕ್ಷರವೂ ಕೆತ್ತಿದಂಗೆ ಕಾಣ್ತಿತ್ತು. "ರ... ಮ... ದ... ಯ" ಅಂತ ನಿಧಾನಕ್ಕೆ, ನೋಡಿಕೊಂಡೇ ಓದಿದೆ.

ಡ್ರೈವರ್ ಬೋರ್ಡಿನ ಕಡೆ ತಿರುಗಿಯೂ ನೋಡಲಿಲ್ಲ.

"ತಪ್ಪು" ಅಂದ. "ಎಲ್ಲಾ ಈ ಮೊಬೈಲಿಂದ!"