ಹನ್ನೊಂದು ಬುಧವಾರಗಳ ಕೆಸರನ್ನು ಜೋಪಾನ ಮಾಡಿದವರಿಗೆ

ನಿಷ್ಕಳಂಕ ಮಡ್‌ಗಾರ್ಡ್ ಕಂಪನಿಯ ವ್ಯವಸ್ಥಾಪಕ ನಿರ್ದೇಶಕರ ಸನ್ನಿಧಾನಕ್ಕೆ ಒಂದು ಬಹಿರಂಗ ಪತ್ರ,

ಮಾನ್ಯರೇ,

ಮೊದಲಿಗೆ ಬೆನ್ನು ಬಾಗಿಸಿ ಮಾಡಿದ ನಮಸ್ಕಾರಗಳು. ಬಾಗಿಸಿದ ಬೆನ್ನನ್ನು ತಾವು ಕೊಂಚ ದಿಟ್ಟಿಸಿ ನೋಡಬೇಕೆಂದು ಪ್ರಾರ್ಥನೆ. ಸೊಂಟದಿಂದ ಕತ್ತಿನವರೆಗೆ ಅದರ ಮೇಲೆ ಎಳೆದಿರುವ ಕೆಂಪು ಗೆರೆಯೇ ಈ ಪತ್ರದ ವಿಷಯ. ಕೊಂಡ ಸಾಮಾನು ಕೆಲಸ ಮಾಡಲಿಲ್ಲವೆಂದು ದೂರುವ ಗಿರಾಕಿಗಳು ತಮಗೆ ಹೊಸಬರಲ್ಲ. ನಾನು ಆ ಪೈಕಿಯವನಲ್ಲ. ಪೆಟ್ಟಿಗೆಯ ಮೇಲೆ ತಾವು ಅಚ್ಚು ಹಾಕಿಸಿದ್ದ ‘ಒಂದು ಹನಿ ಕೆಸರೂ ಹೊರಗೆ ಹೋಗದು’ ಎಂಬ ಮಾತನ್ನು ತಮ್ಮ ಗಾರ್ಡುಗಳು ಅಕ್ಷರಶಃ ನಡೆಸಿಕೊಟ್ಟವು. ನನ್ನ ದೂರು ಇರುವುದೇ ಅದರ ಬಗ್ಗೆ.

ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು. ನನ್ನ ಮೋಟಾರ್ ಸೈಕಲ್ಲು ಈ ಕಾಲದ್ದು, ಅಂದರೆ ಹಿಂದಿನ ಚಕ್ರದ ಮೇಲೆ ಮಡ್‌ಗಾರ್ಡ್ ಇರಬೇಕಾದಲ್ಲಿ ಮಡ್‌ಗಾರ್ಡಿನ ನೆನಪು ಮಾತ್ರ ಇರುವಂಥದ್ದು. ಮಳೆಗಾಲದಲ್ಲಿ ಅದು ಹಿಂದೆ ಕೂತವರ ಬೆನ್ನಿನ ಮೇಲೆ ದಾರಿಯ ದಿನಚರಿಯನ್ನೇ ಬರೆಯುತ್ತದೆ. ಬೇರೆ ಮನೆಗಳಲ್ಲಾದರೆ ಇದು ಬಟ್ಟೆ ಸೋಪಿನ ಮಟ್ಟದ ಸಮಸ್ಯೆ. ನನ್ನ ಮನೆಯಲ್ಲಿ ಹಾಗಲ್ಲ, ಏಕೆಂದರೆ ನನ್ನ ಹೆಂಡತಿಗೆ ಮಣ್ಣು ಪರೀಕ್ಷಾ ಪ್ರಯೋಗಾಲಯದಲ್ಲಿ ಕೆಲಸ. ಹದಿನಾರು ವರ್ಷಗಳಿಂದ ಮಣ್ಣನ್ನು ಒಣಗಿಸಿ, ಕುಟ್ಟಿ, ಜರಡಿ ಹಿಡಿದು ಅದರ ಪೂರ್ವಾಪರ ಹೇಳುತ್ತಾ ಬಂದಿರುವ ಅವಳೆದುರು ಎಂಥ ಕೆಸರೂ ಬಾಯಿ ಬಿಟ್ಟುಬಿಡುತ್ತದೆ. ನನ್ನ ಪ್ಯಾಂಟಿನ ಅಂಚು ನೋಡಿದರೆ ಸಾಕು, ಆಸ್ಪತ್ರೆ ಹಿಂದಿನ ರಸ್ತೆ ಮತ್ತೆ ಅಗೆದಿದ್ದಾರಾ ಎಂದು ಕೇಳುತ್ತಾಳೆ.

ನಮ್ಮೊಡನೆ ಅವಳ ತಂದೆಯೂ ಇದ್ದಾರೆ. ಮಾವ ಮೂವತ್ತೊಂದು ವರ್ಷ ವಾಹನ ಕಚೇರಿಯಲ್ಲಿ ಚಾಲನಾ ಪರೀಕ್ಷೆ ನಡೆಸಿ ನಿವೃತ್ತರಾದವರು. ಊರಿನ ಅರ್ಧ ಜನ ಅವರ ಮುಂದೆ ಎಂಟರ ಆಕಾರದಲ್ಲಿ ಗಾಡಿ ತಿರುಗಿಸಿ, ನಡುವೆ ಕಾಲು ನೆಲಕ್ಕೂರಿ, “ಮುಂದಿನ ತಿಂಗಳು ಮತ್ತೆ ಬನ್ನಿ” ಎಂಬ ಅವರ ಹೆಸರಾಂತ ವಾಕ್ಯವನ್ನು ಕೇಳಿಸಿಕೊಂಡು ಮನೆಗೆ ಹೋದವರೇ. ಕಳೆದ ವರ್ಷ ಅವರು ಬಲ್ಬು ಬದಲಿಸಲು ಸ್ಟೂಲು ಹತ್ತಿ ಜಾರಿದರು. ಜಾರಿದ್ದು ಸ್ಟೂಲಿನಿಂದ, ಮಗಳು ಕಿತ್ತುಕೊಂಡದ್ದು ಗಾಡಿಯ ಕೀಲಿಯನ್ನು. ವೈದ್ಯರು ಸೊಂಟ, ಕಣ್ಣು, ಕಿವಿ ಎಲ್ಲ ನೋಡಿ ಧಾರಾಳವಾಗಿ ಓಡಿಸಬಹುದು ಎಂದರು, ಮಗಳು ಕೂಡದು ಎಂದಳು, ನಮ್ಮ ಮನೆಯಲ್ಲಿ ಮೇಲ್ಮನವಿಗೆ ಅವಕಾಶವಿಲ್ಲ. ಅವರ ಹಳೆಯ ಗಾಡಿ ಬೇರೆಯವರ ಪಾಲಾಯಿತು. ಅಂದಿನಿಂದ ಮಾವ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಬೀದಿಯಲ್ಲಿ ಹೋಗುವ ಸವಾರರನ್ನೆಲ್ಲ ಮನಸ್ಸಿನಲ್ಲೇ ಫೇಲು ಮಾಡತೊಡಗಿದರು. ಊಟಕ್ಕೆ ಎರಡು ಸಲ ಕರೆಯಬೇಕಾಗುತ್ತಿತ್ತು. ಆಮೇಲಾಮೇಲೆ ಅವರು ಯಾರನ್ನೂ ಫೇಲು ಮಾಡುವುದನ್ನೂ ಬಿಟ್ಟು ಸುಮ್ಮನೆ ಕೂರುವಂತಾದಾಗ, ಅಳಿಯನಾದವನು ಏನಾದರೂ ಮಾಡಲೇಬೇಕೆಂದು ನನಗನ್ನಿಸಿತು.

ಊರಾಚೆ ಬೆಂಕಿ ಆರಿ ಹೋದ ಒಂದು ಇಟ್ಟಿಗೆ ಗೂಡಿದೆ. ಅದರ ಅಂಗಳದಲ್ಲಿ ಮನುಷ್ಯರಿಲ್ಲ, ದನಗಳಿಲ್ಲ, ಮಗಳೂ ಇಲ್ಲ. ಪ್ರತಿ ಬುಧವಾರ ಮಧ್ಯಾಹ್ನ ‘ಗ್ರಂಥಾಲಯಕ್ಕೆ’ ಹೊರಟು ನಾವಿಬ್ಬರೂ ಅಲ್ಲಿಗೆ ತಲುಪುತ್ತಿದ್ದೆವು. ಮಾವ ಒಡೆದ ಇಟ್ಟಿಗೆಗಳನ್ನಿಟ್ಟು ಎಂಟರ ಗುರುತು ಮಾಡಿ, ನನ್ನನ್ನು ಹಿಂದೆ ಕೂರಿಸಿಕೊಂಡು ಹತ್ತು ಸುತ್ತು ಹಾಕಿ, ಕೊನೆಗೆ ಬೋನಸ್ಸೆಂಬಂತೆ ನೀರು ನಿಂತ ಹೊಂಡದ ಮೂಲಕ ಜೋರಾಗಿ ಒಂದು ಓಟ ಓಡಿಸುತ್ತಿದ್ದರು. ಆ ರಾತ್ರಿ ಒಂದೇ ಕರೆಗೆ ಊಟಕ್ಕೆ ಬರುತ್ತಿದ್ದರು. ಆದರೆ ಮೊದಲ ಬುಧವಾರವೇ ನನ್ನ ಹೆಂಡತಿ ನನ್ನ ಅಂಗಿಯ ಬೆನ್ನನ್ನು ಬೆರಳಿನಿಂದ ಉಜ್ಜಿ, ಗ್ರಂಥಾಲಯದ ದಾರಿಯಲ್ಲಿ ಕೆಮ್ಮಣ್ಣು ಎಲ್ಲಿಂದ ಬಂತು ಎಂದು ಕೇಳಿದಳು. ಯಾವುದೋ ಲಾರಿಯ ತಲೆಗೆ ಕಟ್ಟಿ ಪಾರಾದೆ. ಮಾರನೆಯ ದಿನವೇ ತಮ್ಮ ಮಳಿಗೆಯ ಮೆಟ್ಟಿಲು ಹತ್ತಿದೆ.

ಮುಂದಿನ ಚಕ್ರಕ್ಕೆ ರಬ್ಬರಿನ ನಾಲಿಗೆ, ಹಿಂದಿನ ಚಕ್ರವನ್ನು ತಬ್ಬಿಕೊಳ್ಳುವ ಒಳಗಾರ್ಡು, ನಂಬರ್ ಪ್ಲೇಟಿನ ಕೆಳಗೆ ನೆಲ ಸವರುವ ಉದ್ದದ ಪಟ್ಟಿ, ಹೀಗೆ ತಮ್ಮ ಇಡೀ ವಂಶವನ್ನೇ ಮನೆಗೆ ತಂದೆ. ಗಾಡಿಗೇ ರೇನ್‌ಕೋಟ್ ಹೊಲಿಸಿದ ಹಾಗಾಯಿತಲ್ಲ ಸಾರ್ ಎಂದು ಮೆಕ್ಯಾನಿಕ್ ನಕ್ಕ. ನಗಲಿ. ಮುಂದಿನ ಹನ್ನೊಂದು ಬುಧವಾರ ನನ್ನ ಅಂಗಿ ಅಂಗಡಿಯಿಂದ ಈಗ ತಂದಂತಿತ್ತು. ಎಂಥ ಹೊಂಡಕ್ಕೆ ಇಳಿಸಿದರೂ ಬೆನ್ನು ಸ್ವಚ್ಛ, ಮನಸ್ಸು ಮಾತ್ರ ಸ್ವಲ್ಪ ಕಲೆಯಾಗಿತ್ತು. ಕೆಸರು ಬೆನ್ನಿಗೆ ಬರುತ್ತಿಲ್ಲವೆಂದರೆ ಮತ್ತೆಲ್ಲಿಗೆ ಹೋಗುತ್ತಿದೆ ಎಂಬ ಪ್ರಶ್ನೆ ಮಾತ್ರ, ಹರಪ್ಪ ಮೊಹೆಂಜೊದಾರೊಗಳನ್ನು ಪದರ ಪದರವಾಗಿ ಪಾಠ ಮಾಡುವ ನನ್ನ ತಲೆಗೆ ಹೊಳೆಯಲಿಲ್ಲ.

ಗಾರ್ಡು ಹಾಕಿಸಿದ ಹನ್ನೆರಡನೆಯ ವಾರದ ಸೋಮವಾರ ಹೆಂಡತಿಯ ಸ್ಕೂಟರ್ ಕೆಟ್ಟಿತು. ಅವಳು ನನ್ನ ಗಾಡಿ ತೆಗೆದುಕೊಂಡು ಹೋದಳು. ಇಷ್ಟು ವಾರ ನಿಷ್ಠೆಯಿಂದ ಕೆಸರು ನುಂಗಿಕೊಂಡಿದ್ದ ತಮ್ಮ ಒಳಗಾರ್ಡಿನ ಹೊಟ್ಟೆ ಅಂದೇ ತುಂಬಿ, ಹಿಂದಿನ ಚಕ್ರ ಗಟ್ಟಿಯಾಗಿ ಕಚ್ಚಿಕೊಂಡು, ಗಾಡಿ ನಿಂತುಬಿಟ್ಟಿತು. ಈ ಊರಿನಲ್ಲಿ ನಿಲ್ಲಲು ಸಾವಿರ ಜಾಗಗಳಿವೆ, ಮಾನ್ಯರೇ. ಅದು ನಿಂತದ್ದು ಮಣ್ಣು ಪರೀಕ್ಷಾ ಪ್ರಯೋಗಾಲಯದ ಬಾಗಿಲಿನಲ್ಲಿ.

ಅವಳು ಸ್ಪ್ಯಾನರ್ ತರಿಸಿ ಗಾರ್ಡು ಬಿಚ್ಚಿಸಿದಳು. ಒಳಗಿನಿಂದ ಒಣಗಿ ಹೆಪ್ಪುಗಟ್ಟಿದ ಮಣ್ಣಿನ ಗಟ್ಟಿ ಒಡೆಯದೆ ಇಡಿಯಾಗಿ ಜಾರಿ ಬಂತು. ಚಾಕುವಿನಿಂದ ಕೊಯ್ದಳು. ಊರಿನ ಬೂದು ಮಣ್ಣು, ಅದರ ಮೇಲೊಂದು ಕೆಂಪು ಗೆರೆ, ಮತ್ತೆ ಬೂದು, ಮತ್ತೆ ಕೆಂಪು. ಎಣಿಸಿದರೆ ಕೆಂಪು ಹನ್ನೊಂದು. ಸಂಜೆ ಮನೆಯ ಮೇಜಿನ ಮೇಲೆ ಕಚೇರಿಯ ನಮೂನೆಯಲ್ಲೇ ಒಂದು ವರದಿ ಕಾದಿತ್ತು. ಮಾದರಿಯಲ್ಲಿ ಸುಟ್ಟ ಇಟ್ಟಿಗೆಯ ಪುಡಿ ಕಂಡುಬಂದಿದೆ. ವಾರಕ್ಕೊಂದು ಪದರ ಶೇಖರವಾಗಿದೆ. ಮಾದರಿ ಒದಗಿಸಿದವರ ಹೇಳಿಕೆಗೂ ಮಣ್ಣಿನ ಹೇಳಿಕೆಗೂ ಹೊಂದಾಣಿಕೆ ಇಲ್ಲ. ಕಳ್ಳರನ್ನು ಹಿಡಿದುಕೊಟ್ಟ ಕಾವಲುಗಾರನ ಬಗ್ಗೆ ಕೇಳಿದ್ದೇನೆ. ಕದ್ದದ್ದನ್ನು ದಿನಾಂಕವಾರು ಜೋಡಿಸಿಟ್ಟು ಒಪ್ಪಿಸುವ ಕಾವಲುಗಾರನನ್ನು ತಯಾರಿಸಿದ ಕೀರ್ತಿ ತಮ್ಮದೇ.

ಅವಳು ವರದಿಯನ್ನು ನಮ್ಮಿಬ್ಬರ ಮುಂದೆ ಪೂರ್ತಿ ಓದಿದಳು. ಅಪರಾಧ ನನ್ನದೇ, ಮಾವ ಬರೀ ನನ್ನ ಮಾತಿಗೆ ಕಟ್ಟುಬಿದ್ದು ಬಂದರು ಎಂದು ನಾನೆಂದೆ. ಮಾವ ಎದ್ದು, ಕಿಟಕಿಯ ಬಳಿಯ ಕುರ್ಚಿಗೆ ಹೋಗಿ ಕೂತರು. ಬುಧವಾರಗಳು ಶುರುವಾದಂದಿನಿಂದ ಅವರು ಅಲ್ಲಿ ಕೂರದೆ ಆ ಕುರ್ಚಿಯ ಮೇಲೆ ದಿನಪತ್ರಿಕೆ ಮಾತ್ರ ಇರುತ್ತಿತ್ತೆಂಬುದು ಆಗಲೇ ಅವಳಿಗೆ ಗೊತ್ತಾದಂತೆ ಕಂಡಿತು. ವರದಿಯನ್ನು ಮಡಚಿಟ್ಟು ಕೇಳಿದಳು: “ಅಪ್ಪಾ, ಎಂಟು ಹಾಕೋವಾಗ ಕಾಲು ನೆಲಕ್ಕೆ ತಾಗುತ್ತಾ?”

“ಒಂದ್ಸಲಾನೂ ಇಲ್ಲ ಮಗಾ.”

“ನೀವು ಹೇಳಿದ್ರೆ ಆಯ್ತಾ? ಬುಧವಾರ ನಾನೇ ಬಂದು ನೋಡ್ತೀನಿ.”

ಬಂದಳು. ಇಟ್ಟಿಗೆಗಳನ್ನು ತಾನೇ ಅಳೆದಿಟ್ಟಳು. ಮಾವ ಹೆಲ್ಮೆಟ್ಟಿನ ಪಟ್ಟಿ ಬಿಗಿದು, ಮಗಳಿಗೊಂದು ಸಲಾಮು ಹೊಡೆದು, ಹತ್ತು ಎಂಟುಗಳನ್ನು ಕಾಗದದ ಮೇಲೆ ಬರೆದಷ್ಟು ದುಂಡಗೆ ತಿರುಗಿಸಿದರು. ತನ್ನ ಸಂತೋಷ ಎಲ್ಲಿ ನಮಗೆ ಕಂಡುಬಿಡುತ್ತದೋ ಎಂದು ಅವಳು ಹೊಂಡದ ಕಡೆ ತಿರುಗಿ ನಿಂತಳು. ವಿಷಯ ಅಲ್ಲಿಗೇ ಮುಗಿದಿದ್ದರೆ ಈ ಪತ್ರದ ತೊಂದರೆ ತಮಗಿರುತ್ತಿರಲಿಲ್ಲ. ಆದರೆ ಅವಳು, “ರೀ, ಈಗ ನೀವು” ಎಂದಳು. ನಾನು ಹಾಕಿದ್ದು ಎಂಟಲ್ಲ, ಯಾವ ಭಾಷೆಯ ಅಂಕಿಯೂ ಅಲ್ಲ. ಕಾಲು ಎರಡು ಸಲ ನೆಲ ಮುಟ್ಟಿತು. ಇಷ್ಟು ವಾರ ನನ್ನ ಸಹಚರರಾಗಿದ್ದ ಮಾವ ಕನ್ನಡಕ ಸರಿಪಡಿಸಿಕೊಂಡು, ಕಚೇರಿಯ ಹಳೆಯ ಕುರ್ಚಿಗೆ ಮರಳಿದವರ ಗಾಂಭೀರ್ಯದಿಂದ ಹೇಳಿದರು: “ಮುಂದಿನ ತಿಂಗಳು ಮತ್ತೆ ಬನ್ನಿ.”

ಈಗಿನ ಏರ್ಪಾಡು ಹೀಗಿದೆ. ಬುಧವಾರ ಇಟ್ಟಿಗೆ ಗೂಡಿನಲ್ಲಿ ಮಾವ ಓಡಿಸುತ್ತಾರೆ. ಹೆಂಡತಿ ಶಿಳ್ಳೆ ಹಿಡಿದು ನಿಲ್ಲುತ್ತಾಳೆ. ನಾನು, ಗಾಡಿಗೆ ತೂಕವಿರಲಿ ಎಂಬ ಆಕೆಯ ಅಪ್ಪಣೆಯ ಮೇರೆಗೆ, ಹಿಂದೆ ಕೂರುತ್ತೇನೆ. ತಮ್ಮ ಗಾರ್ಡುಗಳು ಪ್ರಯೋಗಾಲಯದ ಕಪಾಟಿನಲ್ಲಿ ಮಾದರಿಯ ಜೊತೆಗೇ ಇರುವುದರಿಂದ ಕೆಸರು ನೇರವಾಗಿ ನನ್ನ ಬೆನ್ನಿಗೆ ಬೀಳುತ್ತದೆ. ಅಂಗಿ ಒಗೆಯುವ ಹೊಣೆಯೂ ವರದಿಯ ಶಿಫಾರಸಿನಂತೆ ನನ್ನದೇ.

ಆದಕಾರಣ ತಾವು ದಯಮಾಡಿ, ಒಳಗೆ ಸೇರಿದ ಕೆಸರು ತಾನು ಯಾವ ರಸ್ತೆಯದೆಂಬುದನ್ನು ಮರೆತುಬಿಡುವಂಥ ಗಾರ್ಡೊಂದನ್ನು ಆವಿಷ್ಕರಿಸಬೇಕು. ಅದು ಆಗದಿದ್ದರೆ ವಾರಕ್ಕೊಮ್ಮೆ ತಾನಾಗಿ ಕೆಮ್ಮಿ ಹೊಟ್ಟೆ ಖಾಲಿ ಮಾಡಿಕೊಳ್ಳುವ ಬುದ್ಧಿಯನ್ನಾದರೂ ಅದಕ್ಕೆ ಕಲಿಸಬೇಕು. ಸಾಧ್ಯವಾದಲ್ಲಿ ಅಳಿಯಂದಿರ ಕಾಲು ನೆಲಕ್ಕೆ ತಾಗುವುದನ್ನು ಹೆಂಡತಿಯರಿಗೆ ಕಾಣದಂತೆ ಮರೆಮಾಡುವ ಅಡ್ಡಪಟ್ಟಿಯನ್ನೂ ಜೊತೆಗಿಡಬೇಕು ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಎದೆಯಲ್ಲಿ ದ್ವೇಷವಿಲ್ಲದ, ಬೆನ್ನಿಗೆ ಗಾರ್ಡಿಲ್ಲದ,
ತಮ್ಮ ವಿಶ್ವಾಸಿ,
ಚಾಲನಾ ಪರೀಕ್ಷೆಯಲ್ಲಿ ಅನುತ್ತೀರ್ಣನಾದ ಇತಿಹಾಸ ಅಧ್ಯಾಪಕ

ಮರೆತ ಮಾತು: ಮೇಲಿನದು ಕೈಗೂಡುವವರೆಗೆ ಹಳೆಯ ಮಾದರಿಯದೇ ಇನ್ನೊಂದು ಜೊತೆಯನ್ನು ತುರ್ತಾಗಿ ಕಾಲೇಜಿನ ವಿಳಾಸಕ್ಕೆ ಕಳುಹಿಸಿ. ಬುಧವಾರ ಒಂದು ದಿನ ಸಾಲದು ಎಂದು ಮಾವ ಮಗಳಿಗೆ ಹೇಳದೆ ಶನಿವಾರವನ್ನೂ ಶುರು ಮಾಡಿದ್ದಾರೆ; ಜಾಗ ಹಳೆಯ ಸುಣ್ಣದ ಗೂಡು, ಮಣ್ಣು ಅಚ್ಚ ಬಿಳಿ. ಬಹಿರಂಗ ಪತ್ರದಲ್ಲಿ ಇದನ್ನೆಲ್ಲ ಬರೆಯಬಹುದೇ ಎಂದು ತಾವು ಗಾಬರಿಯಾಗಬೇಡಿ. ನನ್ನ ಹೆಂಡತಿ ನಾನು ಬರೆದದ್ದನ್ನು ಇಂದಿನವರೆಗೆ ಓದಿಲ್ಲ; ಅವಳು ಓದುವುದು ಮಣ್ಣನ್ನು ಮಾತ್ರ.